ಹೆನ್ರಿ ಬ್ರೂಮ್‌ನ ಬೆಳಕಿನ ಜಗಳ ಮತ್ತು ಆರು ಪೆನ್ನಿಯ ವಿಜ್ಞಾನ: ಮಕ್ಕಳಿಗೆ ಮಾಡಿ ತೋರಿಸುವುದು ಹೇಗೆ?

ಕತ್ತಲಕೋಣೆ (ಪ್ರಶ್ನೆ)

ಪ್ರೌಢಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಮೇಜು ಸಿದ್ಧವಾಗುತ್ತಿದೆ. ವಿಷಯ ಲಾರ್ಡ್ ಬ್ರೂಮ್. 1830ರಿಂದ 1834ರವರೆಗೆ ಬ್ರಿಟನ್ನಿನ ಲಾರ್ಡ್ ಚಾನ್ಸಲರ್ (ನ್ಯಾಯಾಂಗದ ಮುಖ್ಯಸ್ಥನಾದ ಮಂತ್ರಿ), ಸಂಸತ್ತಿನ ಸುಧಾರಣೆಗೂ ಗುಲಾಮಗಿರಿಯ ನಿಷೇಧಕ್ಕೂ ದುಡಿದವನು. ಅದೇ ಮನುಷ್ಯ ಹದಿಹರೆಯದಲ್ಲೇ ಬೆಳಕಿನ ಬಗ್ಗೆ ಪ್ರಬಂಧ ಬರೆದಿದ್ದ, ಇಂಗ್ಲಿಷ್ ವಿಜ್ಞಾನಿ ಥಾಮಸ್ ಯಂಗ್‌ನ ತರಂಗವಾದವನ್ನು (ಬೆಳಕು ಅಲೆ ಎಂಬ ವಾದ) ಪತ್ರಿಕೆಯಲ್ಲಿ ಹೀನಾಯವಾಗಿ ಟೀಕಿಸಿದ್ದ, ಆಮೇಲೆ ಕೂಲಿಕಾರರಿಗೂ ವಿಜ್ಞಾನ ತಲುಪಬೇಕೆಂದು ಅಗ್ಗದ ಪುಸ್ತಕಗಳ ಸಂಘ ಕಟ್ಟಿದ.

ಮೂರು ಸಂದೇಹ. ಯಂಗ್ ಮಾಡಿದ ಕಾರ್ಡಿನ ಪ್ರಯೋಗವನ್ನು ಬಿಸಿಲಲ್ಲೇ ಮಾಡಬಹುದೇ, ಅಳತೆಗಳೇನು? ಲೇಸರ್ ಬಳಸಿದರೆ ಅದೇ ಪ್ರಯೋಗ ಆಗುತ್ತದೆಯೇ? ಇನ್ನೊಂದು, ಆ ಕಾಲದಲ್ಲಿ ಒಂದು ಪೆನ್ನಿಗೆ ಚಿತ್ರ ಸಮೇತ ಎಂಟು ಪುಟ ಹೇಗೆ ಕೊಡಲು ಸಾಧ್ಯವಾಯಿತು? ಬರೀ ದಾನದ ದುಡ್ಡಿನಿಂದ ಅಂತ ಕೆಲವು ಕಡೆ ಬರೆದಿದ್ದಾರೆ, ಅದು ನಂಬುವ ಹಾಗಿಲ್ಲ.

ಪಟ್ಟಕ

ಬಿಸಿಲಲ್ಲೇ ಆಗುತ್ತದೆ. ಆದರೆ ಮೂರು ಅಳತೆ ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಏನೂ ಕಾಣುವುದಿಲ್ಲ.

ಯಂಗ್ ಮಾಡಿದ್ದು ಇಷ್ಟು: ಕಿಟಕಿಯ ಬಾಗಿಲಲ್ಲಿ ಸಣ್ಣ ತೂತು, ಅದರ ಮೇಲೆ ದಪ್ಪ ಕಾಗದ, ಕಾಗದಕ್ಕೆ ತೆಳು ಸೂಜಿಯ ಚುಚ್ಚು. ಹೊರಗಡೆ ಸಣ್ಣ ಕನ್ನಡಿ ಇಟ್ಟು ಬಿಸಿಲನ್ನು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಒಳಗೆ ಹಾಯಿಸಿದ. ಆ ಕಿರಣಕ್ಕೆ ಇಂಚಿನ ಮೂವತ್ತನೇ ಒಂದು ಭಾಗ, ಅಂದರೆ ಸುಮಾರು 0.85 ಮಿ.ಮೀ ಅಗಲದ ಕಾರ್ಡಿನ ಚೂರನ್ನು ಹಿಡಿದು ನೆರಳನ್ನು ನೋಡಿದ. ನೆರಳಿನ ಹೊರಗೆ ಮಾತ್ರವಲ್ಲ, ಒಳಗೂ ಪಟ್ಟೆಗಳಿದ್ದವು. ನೆರಳಿನ ನಟ್ಟನಡುವೆ ಬೆಳಕು.

ಮೊದಲು ತೂತು. ಸೂರ್ಯ ನಮಗೆ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ನೇರ ಬಿಸಿಲಲ್ಲಿ ಕಾರ್ಡು ಹಿಡಿದರೆ ತಟ್ಟೆಯ ಒಂದೊಂದು ಭಾಗವೂ ತನ್ನದೇ ಪಟ್ಟೆಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಹಾಕುತ್ತದೆ, ಎಲ್ಲ ಕಲಸಿಹೋಗುತ್ತದೆ. ಲೆಕ್ಕ ಹಾಕಿದರೆ ನೇರ ಬಿಸಿಲಲ್ಲಿ 0.06 ಮಿ.ಮೀಗಿಂತ ಅಗಲದ ವಸ್ತುವಿನ ಎರಡು ಅಂಚುಗಳ ಬೆಳಕು ಸ್ಪಷ್ಟ ಪಟ್ಟೆ ಕೊಡುವುದಿಲ್ಲ. ಅದಕ್ಕೇ ಸೂಜಿತೂತು. ತೂತಿನಿಂದ ಕಾರ್ಡಿಗೆ 2 ಮೀಟರ್ ದೂರ ಇಟ್ಟರೆ ತೂತು 1.3 ಮಿ.ಮೀ ಇದ್ದಾಗ ಪಟ್ಟೆ ಪೂರ್ತಿ ಅಳಿಸುತ್ತದೆ. 0.3ರಿಂದ 0.4 ಮಿ.ಮೀ ಇದ್ದರೆ ಚೆನ್ನಾಗಿ ಕಾಣುತ್ತದೆ. ಕಾಗದಕ್ಕಿಂತ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಒಳ್ಳೆಯದು. ಗಟ್ಟಿ ರಟ್ಟಿನ ಮೇಲಿಟ್ಟು ಸೂಜಿಯ ತುದಿಯನ್ನಷ್ಟೇ ಒತ್ತಿ ತಿರುಗಿಸಿ. ಸೂಜಿಯನ್ನು ಆಚೆಗೆ ಹಾಯಿಸಿದರೆ ತೂತು ದೊಡ್ಡದಾಗುತ್ತದೆ, ಅಂಚೂ ಹರಿದಿರುತ್ತದೆ.

ಎರಡನೆಯದು ಪರದೆಯ ದೂರ. ಇಲ್ಲೇ ಹೆಚ್ಚಿನವರು ಎಡವುವುದು. ಕಾರ್ಡಿನಿಂದ ಪರದೆ ಅರ್ಧ ಮೀಟರ್ ಇದ್ದರೆ ನೆರಳಿನೊಳಗೆ ಮೂರು ಪಟ್ಟೆ ಹಿಡಿಸುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ 0.3 ಮಿ.ಮೀ ಅಷ್ಟೇ. ಬರಿಗಣ್ಣಿಗೆ ಬೂದು ಬಣ್ಣ. ಪರದೆಯನ್ನು 2 ಮೀಟರಿಗೆ ಒಯ್ದರೆ ಅಂತರ 1.3 ಮಿ.ಮೀ ಆಗುತ್ತದೆ, ಆದರೆ ನೆರಳಿನ ಅಗಲವೇ 1.7 ಮಿ.ಮೀ. ಹಾಗಾಗಿ ನಡುವಿನ ಒಂದು ಬಿಳಿಗೆರೆ, ಅದರ ಎರಡು ಬದಿಯ ಕಪ್ಪು ಮಾತ್ರ ಸಿಗುತ್ತವೆ. ಪ್ರದರ್ಶನಕ್ಕೆ ಈ ದೂರವೇ ಸರಿ. ಮೂರು ಪಟ್ಟೆ ಬೇಕೆಂದರೆ ಅರ್ಧ ಮೀಟರಲ್ಲಿ ಟ್ರೇಸಿಂಗ್ ಕಾಗದ ನಿಲ್ಲಿಸಿ, ಹಿಂಬದಿಯಿಂದ ಭೂತಗನ್ನಡಿ ಹಿಡಿದು ಕಾಗದದ ಮೇಲಿನ ನೆರಳನ್ನು ನೋಡಿ. ಕಾಗದ ತೆಗೆದು ಕಿರಣದೊಳಗೆ ಕಣ್ಣಿಟ್ಟು ನೋಡಬೇಡಿ. ಅದು ಸೂರ್ಯನನ್ನೇ ನೋಡಿದಂತೆ.

ಮೂರನೆಯದು, ಭೂಮಿ ನಿಲ್ಲುವುದಿಲ್ಲ. ಪ್ರತಿಫಲಿಸಿದ ಕಿರಣ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಷ್ಟು ಜರುಗುತ್ತದೆ. ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿ. ಆದ್ದರಿಂದ ಎರಡು ನಿಮಿಷಕ್ಕೆ ಬೆಳಕಿನ ಬಿಲ್ಲೆ ತನ್ನದೇ ಅಗಲದಷ್ಟು ಸರಿದು ಕಾರ್ಡನ್ನು ಬಿಟ್ಟುಹೋಗುತ್ತದೆ. ಕನ್ನಡಿಯ ಪಕ್ಕ ಒಬ್ಬ ಹುಡುಗ ನಿಂತೇ ಇರಬೇಕು.

ಕೊನೆಗೆ ನಿಜವಾದ ಪರೀಕ್ಷೆ. ಕಾರ್ಡಿನ ಒಂದೇ ಪಕ್ಕದ ಬೆಳಕನ್ನು ಇನ್ನೊಂದು ರಟ್ಟಿನಿಂದ ತಡೆಯಿರಿ. ನೆರಳಿನೊಳಗಿನ ಪಟ್ಟೆಗಳೆಲ್ಲ ಮಾಯ. ಇನ್ನೊಂದು ಪಕ್ಕದ ಬೆಳಕನ್ನು ಯಾರೂ ಮುಟ್ಟಿಲ್ಲ, ಆದರೂ ಮಾಯ. ಅಂದರೆ ಪಟ್ಟೆ ಹುಟ್ಟಲು ಎರಡೂ ಅಂಚಿನ ಬೆಳಕು ಕೂಡಬೇಕು. ಯಂಗ್‌ನ ವಾದದ ಜೀವ ಇರುವುದು ಇಲ್ಲೇ. ಮೇಜಿನ ಮೇಲೆ ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ತೋರಿಸಿದರೆ ಪ್ರಯೋಜನವಿಲ್ಲ.

ಕತ್ತಲಕೋಣೆ

ತುಂಬಾ ಉಪಕಾರ ಸರ್. ಮೋಡ ಬಂದರೆ ಲೇಸರ್ ಇಟ್ಟುಕೊಳ್ಳಬಹುದೇ? ಕೂದಲನ್ನು ಕಿರಣಕ್ಕೆ ಅಡ್ಡ ಹಿಡಿದು, ಗೋಡೆಯ ಮೇಲೆ ಬೀಳುವ ಪಟ್ಟೆಗಳಿಂದ ಅದರ ದಪ್ಪ ಅಳೆಯುತ್ತಾರಲ್ಲ, ಅದು. ಎಣಿಸುವಾಗ ಕೂದಲಿನ ದಪ್ಪ ಒಮ್ಮೆ 60, ಒಮ್ಮೆ 75 ಮೈಕ್ರಾನ್ (ಮಿ.ಮೀನ ಸಾವಿರದ ಒಂದು ಭಾಗ) ಬರುತ್ತದೆ. ತಪ್ಪು ಎಲ್ಲಿ?

ಪಟ್ಟಕ

ನಡುವಿನ ದೊಡ್ಡ ಬೆಳಕಿನ ಪಟ್ಟೆ ಉಳಿದವುಗಳ ಎರಡರಷ್ಟು ಅಗಲ. ಅದನ್ನೂ ಒಂದು ಪಟ್ಟೆ ಎಂದು ಲೆಕ್ಕಕ್ಕೆ ಹಿಡಿದರೆ ಉತ್ತರ ಕೆಡುತ್ತದೆ. ಬೆಳಕಿನ ಪಟ್ಟೆ ಎಣಿಸಲೇಬೇಡಿ, ಕಪ್ಪು ಜಾಗ ಎಣಿಸಿ. ಎಡಗಡೆಯ ಐದನೇ ಕಪ್ಪಿನಿಂದ ಬಲಗಡೆಯ ಐದನೇ ಕಪ್ಪಿಗೆ ಸ್ಕೇಲಿಟ್ಟು ಅಳೆದು ಹತ್ತರಿಂದ ಭಾಗಿಸಿ. ಕೂದಲಿನಿಂದ ಗೋಡೆಗೆ 3 ಮೀಟರ್, ಕೆಂಪು ಲೇಸರ್ 650 ನ್ಯಾನೊಮೀಟರ್, ಕೂದಲು 70 ಮೈಕ್ರಾನ್ ಇದ್ದರೆ ಒಂದೊಂದು ಅಂತರ ಸುಮಾರು 28 ಮಿ.ಮೀ ಬರಬೇಕು. ಅಂತರ ಕಡಿಮೆಯಾದಷ್ಟೂ ಕೂದಲು ದಪ್ಪ. ಮಕ್ಕಳಿಗೆ ಈ ತಿರುವುಮುರುವು ಮೊದಲೇ ಹೇಳಿಬಿಡಿ. ಇನ್ನೊಂದು ಮಾತು, ಕೂದಲು ಪೂರ್ತಿ ದುಂಡಗಿರುವುದಿಲ್ಲ. ಹಿಡಿಕೆಯಲ್ಲಿ ತಿರುಚಿಕೊಂಡರೆ ಅದೇ ಕೂದಲು ಬೇರೆ ದಪ್ಪ ತೋರಿಸುತ್ತದೆ. ರಟ್ಟಿನ ಚೌಕಟ್ಟಿಗೆ ಎರಡೂ ತುದಿ ಅಂಟಿಸಿ, ಚೌಕಟ್ಟನ್ನು ಕದಲಿಸದೆ ಅಳೆಯಿರಿ. ಲೇಸರ್ 1 ಮಿಲಿವ್ಯಾಟ್ ಒಳಗಿನದೇ ಇರಲಿ, ಮಕ್ಕಳ ಕಣ್ಣೆತ್ತರಕ್ಕಿಂತ ಕೆಳಗೆ ಕಟ್ಟಿ.

ಅದೇ ಪ್ರಯೋಗವೇ ಎಂದು ಕೇಳಿದಿರಿ. ಪೂರ್ತಿ ಅಲ್ಲ. ಯಂಗ್ ನೋಡಿದ್ದು ನೆರಳಿನ ಒಳಗೆ. ಲೇಸರಿನಲ್ಲಿ ಕೂದಲಿನ ನೆರಳೇ ಉಳಿದಿರುವುದಿಲ್ಲ, ಅಷ್ಟು ದೂರದಲ್ಲಿ ಬೆಳಕು ಪೂರ್ತಿ ಹರಡಿಬಿಟ್ಟಿರುತ್ತದೆ. ತಡೆಯುವ ಪರೀಕ್ಷೆ ಮಾತ್ರ ಇಲ್ಲೂ ನಡೆಯುತ್ತದೆ. ಬ್ಲೇಡಿನ ಅಂಚನ್ನು ಒಂದು ಪಕ್ಕದಿಂದ ಕೂದಲಿಗೆ ತಾಗುವಷ್ಟು ತಂದರೆ ಕಪ್ಪು ಗೆರೆಗಳು ಹೋಗಿ ಮಬ್ಬಾದ ಉದ್ದ ಎಳೆ ಮಾತ್ರ ಉಳಿಯುತ್ತದೆ. ಹೀಗೆ ದಪ್ಪ ಅಳೆಯುವ ಯೋಚನೆಯೂ ಯಂಗ್‌ನದೇ. ಉಣ್ಣೆಯ ಎಳೆಗಳ ದಪ್ಪ ಹೋಲಿಸಲು ಬೆಳಕಿನ ಉಂಗುರಗಳನ್ನು ಬಳಸುವ ಉಪಕರಣವೊಂದನ್ನು ಅವನು ಮಾಡಿದ್ದ.

ಹಳೇಕಡತ

ಪ್ರಯೋಗದ ಪಕ್ಕದಲ್ಲಿ ನಿಲ್ಲಿಸುವ ಫಲಕದಲ್ಲಿ 'ಬ್ರೂಮ್‌ನಿಂದಾಗಿ ತರಂಗವಾದ ಹತ್ತು ಹದಿನೈದು ವರ್ಷ ಹಿಂದೆ ಬಿತ್ತು' ಎಂದು ಬರೆಯಬೇಡಿ. ಎಲ್ಲರೂ ಬರೆಯುವ ಮಾತು, ಅರ್ಧ ಸತ್ಯ.

ಆದದ್ದು ಹೀಗೆ. ಬ್ರೂಮ್ ಹುಟ್ಟಿದ್ದು 1778ರಲ್ಲಿ ಎಡಿನ್‌ಬರೋದಲ್ಲಿ. 1796ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಬೆಳಕಿನ ಪ್ರಬಂಧ ಬಂತು. ವಸ್ತುವಿನ ಅಂಚಿನ ಬಳಿ ಹಾಯುವ ಬೆಳಕು ಬಾಗುತ್ತದೆ, ಬಣ್ಣಬಣ್ಣಕ್ಕೂ ಬಾಗುವ ಗುಣ ಬೇರೆ ಎಂದು ನ್ಯೂಟನ್ನನ ದಾರಿಯಲ್ಲೇ ಹೊರಟ ಬರಹ ಅದು. 1803ರಲ್ಲಿ ಸೊಸೈಟಿಯ ಫೆಲೋ (ಸದಸ್ಯ) ಆದ. ಅದಕ್ಕೆ ಹಿಂದಿನ ವರ್ಷ ಎಡಿನ್‌ಬರೋ ರಿವ್ಯೂ ಎಂಬ ವಿಮರ್ಶಾ ಪತ್ರಿಕೆ ಶುರುವಾಗಿತ್ತು, ಶುರು ಮಾಡಿದವರಲ್ಲಿ ಇವನೂ ಒಬ್ಬ. ಅಲ್ಲಿನ ವಿಮರ್ಶೆಗಳಿಗೆ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಆ ಮರೆಯಲ್ಲಿ ಯಂಗ್‌ನ ಉಪನ್ಯಾಸಗಳನ್ನು 1803ರಲ್ಲಿ, ಮತ್ತೆ 1804ರಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ. ಬೆಳಕಿನ ಅಲೆಯನ್ನು ಹೊರುವ, ಕಣ್ಣಿಗೆ ಕಾಣದ ಈಥರ್ ಎಂಬ ಮಾಧ್ಯಮವನ್ನು ಊಹಿಸಿಕೊಂಡು ಅದರ ಮೇಲೆ ಸಿದ್ಧಾಂತ ಕಟ್ಟುವುದು ವಿಜ್ಞಾನವೇ ಅಲ್ಲ ಎಂಬುದು ಅವನ ಆಕ್ಷೇಪ. ಯಂಗ್ ಉತ್ತರವಾಗಿ ಕಿರುಹೊತ್ತಗೆ ಅಚ್ಚು ಹಾಕಿಸಿದ. ಮಾರಾಟವಾದದ್ದು ಒಂದೇ ಪ್ರತಿ ಎಂದು ಅವನೇ ಹೇಳಿಕೊಂಡಿದ್ದಾನೆ.

ಆದರೆ ತರಂಗವಾದ ನಿಧಾನವಾದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಯಂಗ್‌ನ ಬರಹದಲ್ಲಿ ಗಣಿತ ಕಡಿಮೆ. 1808ರಲ್ಲಿ ಫ್ರಾನ್ಸಿನ ಮಾಲ್ಯೂಸ್ ಪ್ರತಿಫಲಿಸಿದ ಬೆಳಕಿನಲ್ಲಿ ಧ್ರುವೀಕರಣ, ಅಂದರೆ ಬೆಳಕಿನ ಗುಣ ದಿಕ್ಕಿಗೆ ತಕ್ಕಂತೆ ಬದಲಾಗುವುದನ್ನು, ಕಂಡ. ಬೆಳಕು ಶಬ್ದದ ಹಾಗೆ ಹಿಂದುಮುಂದು ಅಲುಗುವ ಅಲೆ ಎಂದುಕೊಂಡಿದ್ದವರಿಗೆ ಅದನ್ನು ವಿವರಿಸಲಾಗಲಿಲ್ಲ. ಅಲುಗಾಟ ಅಡ್ಡಡ್ಡ ಎಂಬ ಸುಳಿವು ಯಂಗ್‌ಗೆ ಸಿಕ್ಕಿದ್ದು 1817ರಲ್ಲಿ. ಅದನ್ನು ಗಟ್ಟಿ ಮಾಡಿದವನು ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್. ಒಂದು ವಿಮರ್ಶೆ ಹಾಗೆ ಎಲ್ಲವನ್ನೂ ತಡೆದು ನಿಲ್ಲಿಸುವಂತಿದ್ದರೆ ಫ್ರಾನ್ಸಿನಲ್ಲಾದರೂ ಬೇಗ ಒಪ್ಪಬೇಕಿತ್ತಲ್ಲ, ಅಲ್ಲೂ ಒಪ್ಪಲಿಲ್ಲ. ಬ್ರೂಮ್ ಮಾತ್ರ ಬೆಳಕನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೂ, 1850ರಲ್ಲಿ, ಅದೇ ವಿಷಯದ ಮೇಲೆ ಮತ್ತೊಂದು ಪ್ರಬಂಧ ಪ್ರಕಟಿಸಿದ. ಛಲಕ್ಕೆ ಮೆಚ್ಚಬೇಕು, ಅಷ್ಟೊತ್ತಿಗೆ ಬಂಡಿ ಎಲ್ಲೋ ಮುಂದೆ ಹೋಗಿತ್ತು.

ನಮಗೆ ಸಂಬಂಧಿಸಿದ ಒಂದು ಎಳೆ ಇದೆ. 1833ರಲ್ಲಿ ಬ್ರಿಟಿಷ್ ರಾಜನ ಸಲಹಾಮಂಡಳಿಯಾದ ಪ್ರಿವಿ ಕೌನ್ಸಿಲ್‌ನ ನ್ಯಾಯಸಮಿತಿಯನ್ನು ಕಟ್ಟಿದ ಕಾಯಿದೆ ಬ್ರೂಮ್‌ನ ಕೈಕೆಲಸ. ಬ್ರಿಟಿಷ್ ಆಳ್ವಿಕೆಯ ಧಾರವಾಡ, ಬಳ್ಳಾರಿ, ಮಂಗಳೂರಿನ ಮೊಕದ್ದಮೆ ಹೈಕೋರ್ಟು ದಾಟಿ ಮೇಲೆ ಹೋದರೆ 1949ರವರೆಗೂ ಕೊನೆಯ ಬಾಗಿಲು ಅದೇ.

ಅಚ್ಚುಮೊಳೆ

ಪೆನ್ನಿಯ ಲೆಕ್ಕಕ್ಕೆ ಬರೋಣ. ದಾನದಿಂದ ಅಲ್ಲ. ಬೆಲೆ ಇಳಿದದ್ದು ಕಾಯಿದೆಯ ಸಂದು, ಮರದಚ್ಚು, ಸ್ಟಿರಿಯೊಟೈಪ್ (ಇಡೀ ಪುಟದ ಎರಕದ ತಗಡು), ಹಬೆಯಂತ್ರ ಇವುಗಳಿಂದ.

ಬ್ರೂಮ್ ಕಟ್ಟಿದ ಸಂಘ ಹುಟ್ಟಿದ್ದು 1826ರ ನವೆಂಬರಿನಲ್ಲಿ. ಹೆಸರು 'ಉಪಯುಕ್ತ ಜ್ಞಾನ ಪ್ರಸಾರ ಸಂಘ' ಎನ್ನಬಹುದು. 1827ರಿಂದ ಹದಿನೈದು ದಿನಕ್ಕೊಂದು ಹೊತ್ತಗೆ: 32 ಪುಟ, ಎರಡು ಅಂಕಣ, ಇರುವೆ ಸಾಲಿನಂಥ ಅಕ್ಷರ, ಬೆಲೆ 6 ಪೆನ್ನಿ. ಮೊದಲನೆಯದನ್ನು ಬ್ರೂಮ್‌ನೇ ಬರೆದ, ವಿಜ್ಞಾನದ ಉದ್ದೇಶ, ಲಾಭ, ಸಂತೋಷಗಳ ಬಗ್ಗೆ. ಎಲ್ಲ ಕೊಂಡರೆ ವರ್ಷಕ್ಕೆ 26 ಹೊತ್ತಗೆ, 13 ಶಿಲಿಂಗ್ (12 ಪೆನ್ನಿಗೆ ಒಂದು ಶಿಲಿಂಗ್). ಕೂಲಿಯವನಿಗೆ ಅದೇನೂ ಅಗ್ಗವಲ್ಲ. ಬರಹವೂ ಕಬ್ಬಿಣದ ಕಡಲೆ. 1832ರ ಮಾರ್ಚ್ 31ಕ್ಕೆ ಅದೇ ಸಂಘಕ್ಕಾಗಿ ಪ್ರಕಾಶಕ ಚಾರ್ಲ್ಸ್ ನೈಟ್ ಹೊರತಂದ ಪೆನ್ನಿ ಮ್ಯಾಗಜೀನ್ ಬೇರೆ ಜಾತಿ. ಪ್ರತಿ ಶನಿವಾರ 8 ಪುಟ, ಚಿತ್ರ ಸಮೇತ. ವರ್ಷಕ್ಕೆ 52 ಪೆನ್ನಿ, ಅಂದರೆ 4 ಶಿಲಿಂಗ್ 4 ಪೆನ್ನಿ. ಆ ವರ್ಷದ ಕೊನೆಗೆ ವಾರಕ್ಕೆ 2,00,000 ಪ್ರತಿ ಹೋಗುತ್ತಿತ್ತು.

ಕಾಯಿದೆಯ ಸಂದು ಏನೆಂದರೆ, 1819ರ ಕಾನೂನಿನ ಪ್ರಕಾರ 6 ಪೆನ್ನಿಗಿಂತ ಕಡಿಮೆ ಬೆಲೆಗೆ, 26 ದಿನಕ್ಕಿಂತ ಕಡಿಮೆ ಅಂತರದಲ್ಲಿ ಬರುವ ಪತ್ರಿಕೆಯಲ್ಲಿ ಸುದ್ದಿಯೋ ಸುದ್ದಿಯ ಮೇಲೆ ಟೀಕೆಯೋ ಇದ್ದರೆ ಪ್ರತಿಗೆ 4 ಪೆನ್ನಿ ಮುದ್ರಾಂಕ ಸುಂಕ ತೆರಬೇಕಿತ್ತು. ಪೆನ್ನಿ ಮ್ಯಾಗಜೀನ್ ಸುದ್ದಿಯನ್ನು ಮುಟ್ಟಲಿಲ್ಲ. ಜಿರಾಫೆ, ಇಗರ್ಜಿ, ಗಡಿಯಾರ, ಗಣಿ, ಇವುಗಳಿಗೆ ಮುದ್ರಾಂಕ ಇಲ್ಲ. ಅದೇ ಕಾಲಕ್ಕೆ ಕೂಲಿಕಾರರದ್ದೇ ಪತ್ರಿಕೆಗಳು ಮುದ್ರಾಂಕ ತೆರದೆ ಒಂದು ಪೆನ್ನಿಗೆ ರಾಜಕೀಯ ಮಾರಿದವು, ಮಾರಿದವರು ಜೈಲಿಗೆ ಹೋದರು. ಈ ಹೋಲಿಕೆ ಫಲಕದಲ್ಲಿ ಇರಲೇಬೇಕು. ಕಾಗದದ ಸುಂಕದಿಂದ ಮಾತ್ರ ಯಾರಿಗೂ ಬಿಡುಗಡೆ ಇರಲಿಲ್ಲ. ಪೌಂಡ್ ತೂಕಕ್ಕೆ 3 ಪೆನ್ನಿ ಇದ್ದದ್ದು 1836ರಲ್ಲಿ ಅರ್ಧಕ್ಕಿಳಿಯಿತು, 1861ರಲ್ಲಿ ಹೋಯಿತು.

ಚಿತ್ರದ ಗುಟ್ಟು ಮರ. ತಾಮ್ರದ ತಗಡಿನ ಚಿತ್ರದಲ್ಲಿ ಮಸಿ ಗೀರಿನ ಒಳಗೆ ಕೂರುತ್ತದೆ, ಅದಕ್ಕೆ ಬೇರೆಯೇ ಯಂತ್ರ ಬೇಕು, ಅಂದರೆ ಒಂದೇ ಹಾಳೆ ಎರಡು ಸಲ ಅಚ್ಚಾಗಬೇಕು. ಬಾಕ್ಸ್‌ವುಡ್ ಮರವನ್ನು ಅಡ್ಡ ಕೊಯ್ದು, ಎಳೆಯ ತುದಿ ಮೇಲೆ ಬರುವ ಹಾಗೆ ನುಣುಪು ಮಾಡಿ ಕೊರೆದರೆ ಉಬ್ಬು ಗೆರೆಯಲ್ಲಿ ಮಸಿ ನಿಲ್ಲುತ್ತದೆ. ಎತ್ತರವನ್ನು ಅಚ್ಚುಮೊಳೆಯ (ಲೋಹದ ಅಕ್ಷರದ) ಎತ್ತರಕ್ಕೆ, ಸುಮಾರು 23.3 ಮಿ.ಮೀಗೆ, ತಂದರೆ ಅಕ್ಷರದ ಜೊತೆಯಲ್ಲೇ ಒಂದೇ ಏಟಿಗೆ ಅಚ್ಚು. ತೊಂದರೆ ಇಷ್ಟೆ: ಆ ಮರ ಸಣ್ಣಗೆ ಬೆಳೆಯುತ್ತದೆ, ದೊಡ್ಡ ಚಿತ್ರಕ್ಕೆ ತುಂಡು ಜೋಡಿಸಬೇಕು. ತೇವಕ್ಕೆ ಜೋಡಣೆ ಬಿಟ್ಟರೆ ಚಿತ್ರದ ನಡುವೆ ಬಿಳಿ ಗೆರೆ ಬೀಳುತ್ತದೆ. ಹಳೆಯ ಸಂಚಿಕೆಗಳನ್ನು ನೋಡುವಾಗ ಆಕಾಶದ ಭಾಗದಲ್ಲಿ ನೇರ ಬಿಳಿಗೆರೆ ಕಂಡರೆ ಅದು ಮಿಂಚಲ್ಲ!

ಮರ, ಮೊಳೆ ಎರಡೂ ಲಕ್ಷಗಟ್ಟಲೆ ಏಟು ತಡೆಯುವುದಿಲ್ಲ, ಆದ್ದರಿಂದ ಸ್ಟಿರಿಯೊಟೈಪ್. ಜೋಡಿಸಿದ ಪುಟಕ್ಕೆ ಎಣ್ಣೆ ಸವರಿ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು, ಅದನ್ನು ಒಲೆಯಲ್ಲಿ ಒಣಗಿಸುವುದು, ಕರಗಿದ ಸೀಸ ಆಂಟಿಮನಿ ಮಿಶ್ರಣದಲ್ಲಿ ಮುಳುಗಿಸುವುದು. ಪ್ಲಾಸ್ಟರಿನಲ್ಲಿ ಸ್ವಲ್ಪ ತೇವ ಉಳಿದರೂ ಹಬೆ ಎದ್ದು ತಗಡಿನಲ್ಲಿ ಗುಳ್ಳೆ ಬೀಳುತ್ತದೆ, ಅಕ್ಷರ ಹಾರಿಹೋಗುತ್ತದೆ. ಪದಗಳ ನಡುವಿನ ಗಿಡ್ಡ ತುಂಡುಗಳ ಗುಂಡಿಗೆ ಪ್ಲಾಸ್ಟರ್ ಇಳಿದು ಕಿತ್ತುಬರದಿದ್ದರೆ ಅಚ್ಚೇ ಮುರಿಯುತ್ತದೆ. ಅದಕ್ಕೆ ಈ ಕೆಲಸಕ್ಕೆಂದೇ ಎತ್ತರದ ತುಂಡುಗಳಿದ್ದವು. ಒಂದೇ ಪುಟದ ಹಲವು ತಗಡು ಇದ್ದರೆ ಹಲವು ಯಂತ್ರ ಏಕಕಾಲಕ್ಕೆ ಓಡಿಸಬಹುದು, ಪುಟವನ್ನು ಮತ್ತೆ ಜೋಡಿಸದೆ ವರ್ಷಗಳ ನಂತರವೂ ಅಚ್ಚು ಹಾಕಬಹುದು. ಚಿತ್ರದ ತಗಡುಗಳನ್ನು ಹೊರದೇಶಕ್ಕೂ ಮಾರಿದರು. 1833ರಲ್ಲಿ ಲೈಪ್‌ಜಿಗ್‌ನಲ್ಲಿ ಶುರುವಾದ ಜರ್ಮನ್ ಪತ್ರಿಕೆ ಅಂಥ ಚಿತ್ರಗಳಿಂದಲೇ ನಡೆಯಿತು.

ಯಂತ್ರದ ಲೆಕ್ಕ ಮಕ್ಕಳೇ ಮಾಡಬಹುದು. ಕೈಯಂತ್ರದಲ್ಲಿ ಗಂಟೆಗೆ 250 ಏಟು ಅಂತ ಇಟ್ಟುಕೊಳ್ಳಿ. ಎರಡು ಲಕ್ಷ ಹಾಳೆಗೆ ಎರಡೂ ಮಗ್ಗುಲು ಸೇರಿ ನಾಲ್ಕು ಲಕ್ಷ ಏಟು, 1,600 ಗಂಟೆ. ದಿನಕ್ಕೆ 10 ಗಂಟೆ, ವಾರಕ್ಕೆ 6 ದಿನ ಅಂದರೆ 27 ಯಂತ್ರ, ಒಂದೊಂದಕ್ಕೆ ಇಬ್ಬರು ಆಳು. ಎರಡೂ ಮಗ್ಗುಲು ಒಟ್ಟಿಗೆ ಒತ್ತುವ ಹಬೆಯಂತ್ರ ಗಂಟೆಗೆ 1,000 ಹಾಳೆ ಹೊರಹಾಕಿದರೆ 200 ಗಂಟೆ, ನಾಲ್ಕು ಯಂತ್ರ ಸಾಕು. ಲಂಡನ್ನಿನ ವಿಲಿಯಂ ಕ್ಲೋಸ್ ಮುದ್ರಣಾಲಯದಲ್ಲಿ ಅಂಥ ಯಂತ್ರಗಳಿದ್ದವು.

ಹಳೇಕಡತ

ಅಚ್ಚುಮೊಳೆಯವರ ಮಾತಿಗೆ ಒಂದು ಸೇರ್ಪಡೆ. ಓದಿದವರು ಯಾರು ಎಂಬುದನ್ನೂ ಕೇಳಬೇಕು. 1825ರ ತನ್ನ ಕಿರುಹೊತ್ತಗೆಯಲ್ಲಿ ಬ್ರೂಮ್ ಒಳ್ಳೆಯ ಉಪಾಯಗಳನ್ನೇ ಹೇಳಿದ್ದ: ಪುಸ್ತಕವನ್ನು ಕಂತುಕಂತಾಗಿ ಮಾರುವುದು, ಕಾರ್ಯಾಗಾರದಲ್ಲಿ ಒಬ್ಬ ಓದಿದರೆ ಉಳಿದವರು ಕೆಲಸ ಮಾಡುತ್ತಾ ಕೇಳುವುದು, ಕಾರ್ಮಿಕರೇ ದುಡ್ಡು ಹಾಕಿ ಕಾರ್ಮಿಕರೇ ಸಂಸ್ಥೆ ನಡೆಸುವುದು. ಆದರೆ ಅವನ ಸಂಘದ ಸಮಿತಿಯಲ್ಲಿ ಕುಳಿತವರು ಸಂಸದರು, ವಕೀಲರು, ಪ್ರಾಧ್ಯಾಪಕರು. ಏನು ಓದಬೇಕೆಂದು ಓದುವವನನ್ನು ಕೇಳಲಿಲ್ಲ. ರಾಜಕೀಯ ಬೇಡ, ಮತದ ಜಗಳ ಬೇಡ ಎಂಬ ನಿಯಮ ಮುದ್ರಾಂಕದ ಖರ್ಚನ್ನು ಉಳಿಸಿತು, ಓದುಗನನ್ನು ಉಳಿಸಲಿಲ್ಲ. ಹೆಚ್ಚು ಕೊಂಡವರು ಅಂಗಡಿಯವರು, ಗುಮಾಸ್ತರು, ಮಧ್ಯಮ ವರ್ಗದ ಮನೆಗಳು.

ನನಗೆ ಇವರ ಕೆಲಸದಲ್ಲಿ ಹೆಚ್ಚು ಇಷ್ಟವಾಗುವುದು 1828ರಿಂದ ಬಂದ ಪಂಚಾಂಗ. ಆಗಿನ ಇಂಗ್ಲಿಷ್ ಪಂಚಾಂಗಗಳಲ್ಲಿ ನಮ್ಮಲ್ಲಿಯ ಹಾಗೆಯೇ ಫಲಜ್ಯೋತಿಷ್ಯ ತುಂಬಿತ್ತು, ಮಳೆ ಯುದ್ಧ ಎಲ್ಲ ಮೊದಲೇ ಹೇಳಿಬಿಡುತ್ತಿದ್ದರು. ನೈಟ್ ಅದನ್ನೆಲ್ಲ ತೆಗೆದು ಸೂರ್ಯೋದಯ, ಉಬ್ಬರವಿಳಿತ, ಕೋಷ್ಟಕಗಳನ್ನು ಮಾತ್ರ ಇಟ್ಟ. ಪಂಚಾಂಗಕ್ಕೆ 15 ಪೆನ್ನಿ ಮುದ್ರಾಂಕ ಇತ್ತು, 1834ರಲ್ಲಿ ಹೋಯಿತು.

ಇದೇ ಸಂಘದ ಪೆನ್ನಿ ವಿಶ್ವಕೋಶದ ಕಥೆ ಬೇರೆ. 1833ರಿಂದ 1843ರವರೆಗೆ 27 ಸಂಪುಟ. ಗಣಿತದ ಲೇಖನಗಳನ್ನು ರಾಶಿಗಟ್ಟಲೆ ಬರೆದವನು ಗಣಿತಜ್ಞ ಡಿ ಮಾರ್ಗನ್. 1838ರಲ್ಲಿ 'ಗಣಿತೀಯ ಅನುಗಮನ' ಎಂಬ ಹೆಸರು ಬಳಕೆಗೆ ಬಂದದ್ದು ಅದರ ಒಂದು ಲೇಖನದಿಂದ. ಪಿಯುಸಿಯಲ್ಲಿ ಎಲ್ಲರೂ ಪರದಾಡುವ ಪಾಠ, ಅದರ ಹೆಸರಿನ ಹುಟ್ಟೂರು ಒಂದು ಪೆನ್ನಿಯ ಕಾಗದ! ಆದರೆ ವಾರಕ್ಕೊಂದು ಕಂತು ಎಂದವರು ಎರಡು, ಆಮೇಲೆ ನಾಲ್ಕು ಮಾಡಿದರು. ವಾರದ ಖರ್ಚು ಒಂದು ಪೆನ್ನಿಯಿಂದ ನಾಲ್ಕಕ್ಕೇರಿತು, 75,000ದಿಂದ ಹೊರಟ ಮಾರಾಟ ಕೊನೆಗೆ 20,000ಕ್ಕೆ ಬಂತು. ನಷ್ಟ ಹೊತ್ತವನು ನೈಟ್. ಸಂಘವನ್ನು ಮುಳುಗಿಸಿದ್ದು ಜೀವನಚರಿತ್ರೆಯ ಕೋಶ. ಏಳು ಅರ್ಧಸಂಪುಟ ಹೊರಬಂದರೂ 'ಎ' ಅಕ್ಷರವೇ ದಾಟಿತ್ತು ಅಷ್ಟೆ. 1846ರಲ್ಲಿ ಸಂಘ ಬಾಗಿಲು ಹಾಕಿತು.

ಕತ್ತಲಕೋಣೆ

ಸ್ಟಿರಿಯೊಟೈಪನ್ನು ಮೇಜಿನ ಮೇಲೆ ಮಾಡಿ ತೋರಿಸಲು ಆಗುತ್ತದೆಯೇ? ಸೀಸ ಬೇಡ.

ಅಚ್ಚುಮೊಳೆ

ಸೀಸ ಖಂಡಿತ ಬೇಡ. ಮೇಣ ಸಾಕು. ಉಬ್ಬಕ್ಷರದ ರಬ್ಬರ್ ಸ್ಟಾಂಪು ತೆಗೆದುಕೊಳ್ಳಿ. ಕನ್ನಡದ್ದೇ ಇರಲಿ, ಒತ್ತಕ್ಷರದ ಸಂದುಗಳಲ್ಲಿ ಪ್ಲಾಸ್ಟರ್ ಹೇಗೆ ಸಿಕ್ಕಿಕೊಳ್ಳುತ್ತದೆ ಎಂಬುದೂ ಕಾಣುತ್ತದೆ. ಕೊಬ್ಬರಿಎಣ್ಣೆಯನ್ನು ಬ್ರಷ್ಷಿನಿಂದ ತೆಳ್ಳಗೆ ಸವರಿ ಒರೆಸಿ. ಹೆಚ್ಚಾದರೆ ಅಕ್ಷರದ ಮೂಲೆ ಮೊಂಡಾಗುತ್ತದೆ. ಸುತ್ತ ರಟ್ಟಿನ ಗೋಡೆ ಕಟ್ಟಿ. 65 ಗ್ರಾಂ ನೀರಿಗೆ 100 ಗ್ರಾಂ ಪ್ಲಾಸ್ಟರ್ ಆಫ್ ಪ್ಯಾರಿಸ್ ಉದುರಿಸಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಮೊದಲು ಒಂದು ಚಮಚವನ್ನು ಬ್ರಷ್ಷಿನಿಂದ ಅಕ್ಷರಗಳೊಳಗೆ ತುಂಬಿ, ಆಮೇಲೆ ಉಳಿದದ್ದನ್ನು ಸುರಿಯಿರಿ, ಗಾಳಿಗುಳ್ಳೆ ನಿಲ್ಲುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಿಡಿಸಿ.

ಇಲ್ಲಿಂದ ಮುಂದೆ ಹಳಬರ ಕ್ರಮಕ್ಕೆ ತದ್ವಿರುದ್ಧ. ಲೋಹಕ್ಕೆ ಅಚ್ಚು ಒಣಗಿರಬೇಕು, ಮೇಣಕ್ಕೆ ನೆನೆದಿರಬೇಕು. ಒಣ ಪ್ಲಾಸ್ಟರ್ ಮೇಣವನ್ನು ಹೀರಿ ಬಿಡಿಸಲು ಬಾರದ ಹಾಗೆ ಕಚ್ಚಿಕೊಳ್ಳುತ್ತದೆ. ಕಾಲು ಗಂಟೆ ನೀರಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ, ಮೇಣ ಸುರಿಯಿರಿ. ಮೇಣವನ್ನು ನೇರ ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ. ಸ್ಟಾಂಪಿನಲ್ಲಿ ಅಕ್ಷರ ತಿರುಗುಮುರುಗು, ಪ್ಲಾಸ್ಟರಿನಲ್ಲಿ ಓದಲು ಬರುತ್ತದೆ, ಮೇಣದಲ್ಲಿ ಮತ್ತೆ ತಿರುಗುಮುರುಗು, ಕಾಗದದ ಮೇಲೆ ಸರಿ. ಸ್ಟಾಂಪ್ ಪ್ಯಾಡಿನ ನೀರಿನ ಮಸಿ ಮೇಣದ ಮೇಲೆ ನಿಲ್ಲದೆ ಹನಿಗಟ್ಟುತ್ತದೆ. ಪಕ್ಕದ ಪ್ರೆಸ್ಸಿನಿಂದ ಒಂದು ಚಮಚ ಎಣ್ಣೆಮಸಿ ತಂದುಕೊಳ್ಳಿ.